ಗೌಡರ ಮನೆ ವೀಳ್ಯ ಮತ್ತು ಇಂಗ್ಲೆಂಡಿನ ಬ್ಯಾರೊನೆಟ್‌ಗಳು

ನಮ್ಮ ಮನೆಯಲ್ಲಿ ಒಟ್ಟು ಮೂರು ಪುಸ್ತಕಗಳಿದ್ದವು. ಪಂಚಾಂಗವೊಂದು, ಅದು ವರ್ಷಕ್ಕೊಮ್ಮೆ ಬದಲಾಗುತ್ತಿತ್ತು. ಹಳ್ಳಿ ವೈದ್ಯದ ಪುಸ್ತಕವೊಂದು, ಅದರಲ್ಲಿ ರೋಗಗಳ ಹೆಸರಿದ್ದ ಭಾಗವನ್ನು ಇಲಿ ತಿಂದು ಬರೀ ಔಷಧಿಗಳು ಉಳಿದಿದ್ದವು. ಮೂರನೆಯದು ಇಂಗ್ಲೆಂಡಿನ ಬ್ಯಾರೊನೆಟ್‌ಗಳ ವಂಶಾವಳಿ. ಚನ್ನಪಟ್ಟಣದಿಂದ ಹೊಂಗನೂರಿನ ಕಡೆ ಹೋಗುವ ಬಸ್ಸಿನಲ್ಲಿ ಬಂದು, ಇಳಿದ ಮೇಲೆ ಎರಡು ಮೈಲಿ ನಡೆಯಬೇಕಾದ ಊರಿನಲ್ಲಿ ಇಂಥ ಪುಸ್ತಕಕ್ಕೆ ಏನು ಕೆಲಸ ಅಂತ ನಮ್ಮೂರಲ್ಲಿ ಯಾರೂ ಕೇಳಿರಲಿಲ್ಲ. ಪಟೇಲರ ಮನೆ ಅಂದ ಮೇಲೆ ಯಾರಿಗೂ ಅರ್ಥವಾಗದ ದಪ್ಪ ಪುಸ್ತಕ ಒಂದಾದರೂ ಇರಬೇಕು ಅಂತ ಎಲ್ಲರೂ ಒಪ್ಪಿಕೊಂಡಿದ್ದರು.

ಅಪ್ಪ ಅದನ್ನು ಬೇಕೆಂದು ಕೊಂಡವನಲ್ಲ. ಸ್ವಾತಂತ್ರ್ಯ ಬಂದ ಮೇಲೆ ಬೆಂಗಳೂರಿನ ದಂಡಿನಲ್ಲಿದ್ದ ದೊರೆಗಳು ಒಬ್ಬೊಬ್ಬರಾಗಿ ಮನೆ ಖಾಲಿ ಮಾಡಿ ಹಡಗು ಹತ್ತುವಾಗ ಅವರ ಸಾಮಾನುಗಳನ್ನು ಹರಾಜು ಹಾಕುತ್ತಿದ್ದರಂತೆ. ಕಚೇರಿ ಕೆಲಸಕ್ಕೆ ಹೋಗಿದ್ದ ಅಪ್ಪ ಒಂದು ಆರಾಮ ಕುರ್ಚಿಯನ್ನು ಹರಾಜಿನಲ್ಲಿ ಹಿಡಿದ. ಅದಕ್ಕೆ ಒಂದು ಕಾಲು ಗಿಡ್ಡ. ಆ ಕಾಲಿನ ಕೆಳಗೆ ಮಟ್ಟಕ್ಕೆ ಇಟ್ಟಿದ್ದ ಕೆಂಪು ರಟ್ಟಿನ ಪುಸ್ತಕವೂ ಕುರ್ಚಿಯ ಜೊತೆಗೇ ಬಂತು. ಅಪ್ಪ ಬಡಗಿಯನ್ನು ಕರೆಸಿ ಕುರ್ಚಿಯ ಕಾಲಿಗೆ ತುಂಡು ಕೊಡಿಸಿದ, ಪುಸ್ತಕವನ್ನು ಅಲ್ಲಿಂದ ಬಿಡಿಸಿಕೊಂಡ, ಅದೇ ಕುರ್ಚಿಯಲ್ಲಿ ಕೂತು ಓದಲು ಶುರು ಮಾಡಿದ. ಅವನು ಲೋಯರ್ ಸೆಕೆಂಡರಿ ಪಾಸಾದವನು. ಇಂಗ್ಲಿಷನ್ನು ಹಳ್ಳದ ನೀರು ದಾಟುವ ಹಾಗೆ ಕಲ್ಲಿಂದ ಕಲ್ಲಿಗೆ ಕಾಲಿಡುತ್ತಾ ಓದುತ್ತಿದ್ದ.

ಬ್ಯಾರೊನೆಟ್ ಅಂದರೆ ಹೆಸರಿಗೆ ಮೊದಲು 'ಸರ್' ಅಂತ ಹಾಕಿಕೊಳ್ಳುವ ದೊರೆ. ಯಾವುದೋ ಕಾಲದಲ್ಲಿ ಯಾವುದೋ ರಾಜ ಅವನ ಮುತ್ತಾತನ ಮುತ್ತಾತನಿಗೆ ಕೊಟ್ಟ ಬಿರುದು. ಅವನು ಸತ್ತರೆ ಆ ಸರ್ ಹಿರಿಮಗನಿಗೆ ಹೋಗುತ್ತದೆ. ಹಿರಿಮಗ ಇಲ್ಲದಿದ್ದರೆ ಎರಡನೆಯವನಿಗೆ, ಅವನೂ ಇಲ್ಲದಿದ್ದರೆ ತಮ್ಮನಿಗೆ, ತಮ್ಮನ ಮಗನಿಗೆ. ಯಾರೂ ಸಿಗದಿದ್ದರೆ ಬಿರುದು ನಿಂತುಹೋಗುತ್ತದೆ. ಪುಸ್ತಕದಲ್ಲಿ ಒಂದೊಂದು ಮನೆಗೆ ಒಂದೆರಡು ಪುಟ. ಗಂಡುಮಕ್ಕಳು ಹುಟ್ಟಿದ ಕ್ರಮದಲ್ಲಿ, ಹೆಸರು ಮದುವೆ ಮಕ್ಕಳು ಸಮೇತ. ಹೆಣ್ಣುಮಕ್ಕಳು ಎಲ್ಲರಿಗಿಂತ ಮೊದಲು ಹುಟ್ಟಿದ್ದರೂ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ. ಕೆಲವು ಕಡೆ ಹೆಸರೂ ಇಲ್ಲ, 'ಇಬ್ಬರು ಹೆಣ್ಣುಮಕ್ಕಳು' ಅಂತ ಲೆಕ್ಕ ಮಾತ್ರ.

ಕೆಲವು ಹೆಸರುಗಳ ಮುಂದೆ ಡಿ.ಎಸ್.ಪಿ. ಅಂತ ಅಚ್ಚಾಗಿತ್ತು. ದೊರೆಗಳ ಇಷ್ಟೊಂದು ಮಕ್ಕಳು ಪೊಲೀಸ್ ಇಲಾಖೆಗೆ ಸೇರಿದ್ದು ಅಪ್ಪನಿಗೆ ಬಹಳ ಮೆಚ್ಚಿಗೆಯಾಗಿತ್ತು. ನಾನು ಟೀಚರ್ ಟ್ರೈನಿಂಗ್ ಮಾಡುವಾಗ ನಮ್ಮ ಇಂಗ್ಲಿಷ್ ಮೇಡಂ, ಅದು ಲ್ಯಾಟಿನ್ ಕಣಮ್ಮ, ಮಕ್ಕಳಿಲ್ಲದೆ ಸತ್ತ ಅಂತ ಅರ್ಥ ಅಂದರು. ಅಪ್ಪನಿಗೆ ನಾನದನ್ನು ಹೇಳಲಿಲ್ಲ. ಸತ್ತವರು ಪೊಲೀಸರಾಗಿಯೇ ಇರಲಿ ಅಂತ ಬಿಟ್ಟೆ.

ರಾಮನಗರಕ್ಕೆ ಹಿಂದೆ ಒಬ್ಬ ದೊರೆಯ ಹೆಸರಿತ್ತು. ಹಳಬರ ಬಾಯಲ್ಲಿ ನನ್ನ ಕಾಲದಲ್ಲೂ ಅದೇ ಬರುತ್ತಿತ್ತು. ಅಪ್ಪ ಆ ದೊರೆಯನ್ನು ಪುಸ್ತಕದಲ್ಲಿ ಹುಡುಕಿದ. ಸಿಗಲಿಲ್ಲ. ಮುನ್ನುಡಿಯನ್ನು ಮತ್ತೆ ಓದಿ, ನಿಂತುಹೋದ ಮನೆಗಳನ್ನು ಇದರಲ್ಲಿ ಹಾಕುವುದಿಲ್ಲ ಅಂತ ತಿಳಿದುಕೊಂಡ. ಒಂದು ಊರಿಗೇ ಹೆಸರು ಕೊಟ್ಟವನಿಗೆ ಒಂದು ಸಾಲು ಇಲ್ಲವಲ್ಲ ಅಂತ ಎರಡು ದಿನ ಮುಖ ಸಣ್ಣದು ಮಾಡಿಕೊಂಡಿದ್ದ. ಅವನ ಚಿಂತೆ ಆ ದೊರೆಯದಲ್ಲ ಅಂತ ಅವ್ವನಿಗೂ ನನಗೂ ಗೊತ್ತಿತ್ತು. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಇದ್ದವಳು ನಾನೊಬ್ಬಳು.

ಪಟೇಲಿಕೆ ನಮ್ಮ ಮನೆಗೆ ಎಷ್ಟು ತಲೆಮಾರಿನಿಂದ ಬಂದಿತ್ತೋ ಯಾರಿಗೂ ನೆನಪಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಸರ್ಕಾರ ಅದನ್ನು ರದ್ದು ಮಾಡಿತು. ತಾಲ್ಲೂಕು ಕಚೇರಿಯಿಂದ ಇಬ್ಬರು ಬಂದು ದಫ್ತರಗಳನ್ನು ಗೋಣಿಚೀಲಕ್ಕೆ ತುಂಬಿಕೊಂಡು, ರಸೀತಿ ಬರೆದುಕೊಟ್ಟು ಹೋದರು. ಅಪ್ಪ ಬೇಸರಪಟ್ಟುಕೊಳ್ಳಲಿಲ್ಲ. ಅವನ ಕಾಲದಲ್ಲಿ ಆ ದಫ್ತರಗಳಲ್ಲಿ ಒಂದು ಅಕ್ಷರವೂ ತಿದ್ದಿರಲಿಲ್ಲ. ಒಮ್ಮೆ ಚಿಕ್ಕಪ್ಪನ ಹೊಲದ ಬದು ಪಕ್ಕದವರ ಜಮೀನಿಗೆ ಎರಡು ಗಜ ನುಗ್ಗಿದೆ ಅಂತ ತಕರಾರು ಬಂದಾಗ, ಹೌದು ನುಗ್ಗಿದೆ ಅಂತ ಅಮಲ್ದಾರರ ಮುಂದೆ ಹೇಳಿದವನು ಅಪ್ಪನೇ. ಚಿಕ್ಕಪ್ಪ ಒಂದು ವರ್ಷ ನಮ್ಮನೆ ಹೊಸಿಲು ತುಳಿಯಲಿಲ್ಲ. ಆಮೇಲೆ ಬಂದ. ಬಂದವನು, ಅಣ್ಣ ಹೇಳಿದರೆ ಅದು ಹಂಗೇ ಇರ್ತದೆ ಅಂತ ಊರ ಮುಂದೆಲ್ಲ ತಾನೇ ಹೇಳಿಕೊಂಡು ತಿರುಗಿದ.

ಸರ್ಕಾರಕ್ಕೆ ಗೊತ್ತಿಲ್ಲದ ಒಂದನ್ನು ಮಾತ್ರ ಅದು ರದ್ದು ಮಾಡಲಿಲ್ಲ. ಅದು ವೀಳ್ಯ. ನಮ್ಮ ಸುತ್ತಿನ ಏಳು ಹಳ್ಳಿಗಳಲ್ಲಿ ಯಾರ ಮನೆ ಮದುವೆಯಾದರೂ, ತಾಳಿ ಕಟ್ಟಿದ ಮೇಲೆ ಊಟಕ್ಕೆ ಮೊದಲು ಚಪ್ಪರದಲ್ಲಿ ವೀಳ್ಯ ಕರೆಯುತ್ತಿದ್ದರು. ಎರಡು ಎಲೆ, ಒಂದು ಅಡಿಕೆ. ಮೊದಲು ಗುರುಮನೆ ವೀಳ್ಯ, ಆಮೇಲೆ ಅರಮನೆ ವೀಳ್ಯ, ಆಮೇಲೆ ಗೌಡರ ಮನೆ ವೀಳ್ಯ, ಅದಾದ ಮೇಲೆ ಉಳಿದ ಮನೆಗಳು ಅವರವರ ಸರದಿಯಲ್ಲಿ. ಗುರುಗಳು ಬರುತ್ತಿರಲಿಲ್ಲ, ಮಹಾರಾಜರೂ ಬರುತ್ತಿರಲಿಲ್ಲ. ಅವರ ವೀಳ್ಯವನ್ನು ತಟ್ಟೆಯಲ್ಲಿ ಎತ್ತಿಡುತ್ತಿದ್ದರು. ಹಾಗಾಗಿ ನಿಜವಾಗಿ ಎದ್ದು ನಿಂತು ಎರಡೂ ಕೈ ಚಾಚಿ ತೆಗೆದುಕೊಳ್ಳುವ ಮೊದಲ ಮನುಷ್ಯ ನಮ್ಮಪ್ಪ. ಅವನು ವೀಳ್ಯ ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳುವ ತನಕ ಊಟದ ಎಲೆ ಹಾಕುವ ಹಾಗಿರಲಿಲ್ಲ.

ಮುಂದೆ ರಾಜರುಗಳ ಬಿರುದನ್ನೂ ದೆಹಲಿಯವರು ತೆಗೆದುಹಾಕಿದರು ಅಂತ ಪೇಪರಿನಲ್ಲಿ ಬಂದಾಗ, ಅರಮನೆ ವೀಳ್ಯ ಇನ್ನೂ ಕರೆಯಬೇಕೋ ಬೇಡವೋ ಅಂತ ಏಳು ಹಳ್ಳಿಯ ಯಜಮಾನರು ಕೂತು ಚರ್ಚೆ ಮಾಡಿದರು. ನಿಲ್ಲಿಸಿದ್ದೇವೆ ಅಂತ ಮೈಸೂರಿಗೆ ಹೋಗಿ ಯಾರು ಹೇಳುವುದು ಅನ್ನುವುದು ಇತ್ಯರ್ಥವಾಗಲಿಲ್ಲ. ಹಾಗಾಗಿ ಮುಂದುವರಿಸಿದರು.

ಅಪ್ಪನ ನಂತರ ಗೌಡರ ಮನೆ ವೀಳ್ಯಕ್ಕೆ ಏಳುವವನು ಚಿಕ್ಕಪ್ಪನ ಮಗ ಅನ್ನುವುದು ಯಾರೂ ಬಾಯಿ ಬಿಟ್ಟು ಹೇಳದೆ ತೀರ್ಮಾನವಾಗಿದ್ದ ಸಂಗತಿ. ಅವನು ನನಗಿಂತ ಎರಡು ವರ್ಷ ಚಿಕ್ಕವನು. ಅವನಿಗೆ ಹತ್ತು ವರ್ಷವಾದಾಗಿನಿಂದ ಅಪ್ಪ ಅವನನ್ನು ಮದುವೆಗಳಿಗೆ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದ. ಹೇಗೆ ಏಳಬೇಕು, ಹೆಗಲ ಮೇಲಿನ ಟವೆಲನ್ನು ಯಾವಾಗ ಕೈಗೆ ತೆಗೆದುಕೊಳ್ಳಬೇಕು, ವೀಳ್ಯ ತೆಗೆದುಕೊಂಡು ಮಾತಾಡದೆ ಹೇಗೆ ಕೂರಬೇಕು, ಎಲ್ಲವನ್ನೂ ಅವನು ನೋಡಿ ಕಲಿಯಬೇಕಾಗಿತ್ತು. ನಾನು ಹೆಂಗಸರ ಕಡೆ, ಚಪ್ಪರದ ಕಂಬದ ಹಿಂದಿನಿಂದ ನೋಡುತ್ತಿದ್ದೆ. ಎಲ್ಲವನ್ನೂ ಅವನಿಗಿಂತ ಮೊದಲೇ ಕಲಿತೆ. ನನಗೆ ಹೊಟ್ಟೆಕಿಚ್ಚು ಇತ್ತು. ಅದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ನಾನು ಎಲೆ ಅಡಿಕೆ ಹಾಕುವವಳೂ ಅಲ್ಲ. ಆದರೆ 'ಗೌಡರ ಮನೆ' ಅಂತ ಕರೆದಾಗ ಆ ಮನೆಯಲ್ಲಿ ಹುಟ್ಟಿದ ನಾನು ಕೂತೇ ಇರಬೇಕು, ಬೇರೆ ಮನೆಯಲ್ಲಿ ಹುಟ್ಟಿದವನು ಏಳಬೇಕು ಅನ್ನುವುದು ನನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಅವನಿಗಾದರೂ ಇದರ ಮೇಲೆ ಆಸೆ ಇತ್ತೇ ಅಂದರೆ ಅದೂ ಇಲ್ಲ. ದೊಡ್ಡವನಾದ ಮೇಲೆ ಕನಕಪುರ ರಸ್ತೆಯ ಖಾಸಗಿ ಬಸ್ಸಿಗೆ ಕಂಡಕ್ಟರ್ ಆದ. ಒಂದು ಸಲ ನನ್ನ ಮುಖ ನೋಡಿ, "ನಂಗೆ ಎಲೆ ಅಡ್ಕೆ ಬಸ್‌ಸ್ಟ್ಯಾಂಡಲ್ಲೇ ಸಿಗ್ತದೆ ಕಣಕ್ಕ, ಬೇಕಾದ್ರೆ ನೀನೇ ತಕ್ಕೊ" ಅಂದ. ಅವನು ಒಳ್ಳೆಯವನಾಗಿದ್ದುದು ನನಗೆ ಇನ್ನಷ್ಟು ತೊಂದರೆ ಕೊಟ್ಟಿತು. ಕೆಟ್ಟವನಾಗಿದ್ದರೆ ಒಂದಿಷ್ಟು ಬೈದುಕೊಂಡಾದರೂ ಇರಬಹುದಿತ್ತು.

ನನಗೆ ಚನ್ನಪಟ್ಟಣದ ಶಾಲೆಯಲ್ಲಿ ಕೆಲಸ ಸಿಕ್ಕಿದ ಎರಡನೇ ವರ್ಷಕ್ಕೆ ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂತು. ರಾಮನಗರದ ಡಾಕ್ಟರು ನೋಡಿ, ಪೊರೆ ಇನ್ನೂ ಬಲಿಯಬೇಕು, ಬಲಿತ ಮೇಲೆ ಆಪರೇಶನ್ ಅಂದರು. ಅಲ್ಲಿಯ ತನಕ ಅಪ್ಪನಿಗೆ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಪೊರೆ ಹಣ್ಣಾಗಲಿ ಅಂತ ನಾವು ಕಾದುಕೊಂಡಿದ್ದೆವು.

ಹೀಗೆ ಬ್ಯಾರೊನೆಟ್‌ಗಳು ನನ್ನ ಪಾಲಿಗೆ ಬಂದರು. ಶಾಲೆಯಲ್ಲಿ ದಿನವಿಡೀ ಮಕ್ಕಳ ಜೊತೆ ಕೂಗಾಡಿ ಸಂಜೆ ಐದಕ್ಕೆ ಮನೆಗೆ ಬಂದು ಮುಖ ತೊಳೆಯುವಷ್ಟರಲ್ಲಿ ಅಪ್ಪ ಪಡಸಾಲೆಯ ಕುರ್ಚಿಯಲ್ಲಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದ. ಒಳಗೆ ಅವ್ವ ರೇಷ್ಮೆಹುಳುಗಳಿಗೆ ಸೊಪ್ಪು ಹಾಕುತ್ತಿದ್ದಳು. ನಾನು ಒಂದು ಮನೆಯ ಕಥೆಯನ್ನು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಮೊದಲ ಸರ್, ಎರಡನೇ ಸರ್, ಮೂರನೇ ಸರ್. ಅವರಿಗೆಲ್ಲ ಎರಡೋ ಮೂರೋ ಹೆಸರು, ಮಕ್ಕಳಿಗೂ ಮತ್ತೆ ಅವೇ ಹೆಸರು. ಕೊನೆಗೆ ಅಪ್ಪ ಒಂದೇ ಪ್ರಶ್ನೆ ಕೇಳುತ್ತಿದ್ದ, ಈಗ ಯಾರು ಇದಾರೆ ಅಂತ. ಇಂಥವನ ಮಗ ಇದ್ದಾನೆ ಅಂದರೆ ಅವನಿಗೆ ಸಮಾಧಾನ. ವಯಸ್ಸಾದವನು, ಮದುವೆಯಾಗಿಲ್ಲ, ತಮ್ಮಂದಿರೂ ಇಲ್ಲ ಅಂದರೆ, ಆ ಮನೆಯನ್ನು ಉಳಿಸಲು ದಾರಿ ಏನಾದರೂ ಇದೆಯೇ ಅಂತ ನಾವಿಬ್ಬರೂ ಕೂತು ಯೋಚನೆ ಮಾಡುತ್ತಿದ್ದೆವು. ಕೆಲವು ಸಲ ದೂರದ ಸೋದರ ಸಂಬಂಧಿಯನ್ನು ಆಸ್ಟ್ರೇಲಿಯಾದಿಂದ ಹುಡುಕಿ ತರುತ್ತಿದ್ದೆವು.

ಅಪ್ಪ ಆ ಪುಸ್ತಕವನ್ನು ಕಾನೂನಿನ ಹಾಗೆ ನಂಬಿದ್ದ. ನಮ್ಮದೆಲ್ಲ ಬಾಯಿಮಾತು, ಅವರು ಬರೆದಿಟ್ಟಿದ್ದಾರೆ, ಬರೆದಿಟ್ಟವರು ತಪ್ಪು ಮಾಡುವುದಿಲ್ಲ ಅನ್ನುವುದು ಅವನ ವಾದ. ಪುಸ್ತಕದ ಪ್ರಕಾರ ಗಂಡುಮಕ್ಕಳಿಲ್ಲದವನ ಬಿರುದು ತಮ್ಮನ ಮಗನಿಗೆ. ಅಲ್ಲಿಗೆ ನಮ್ಮ ಮನೆಯ ವಿಷಯ ಇಂಗ್ಲೆಂಡಿನಲ್ಲೂ ಇತ್ಯರ್ಥವಾದ ಹಾಗಾಯಿತು.

ಒಂದು ಸಂಜೆ ಓದು ಮುಗಿದ ಮೇಲೆ ಅಪ್ಪ, ಮುಂದಿನ ತಿಂಗಳು ಪಕ್ಕದೂರಿನಲ್ಲಿ ನಡೆಯುವ ಮದುವೆಯಲ್ಲಿ ವೀಳ್ಯವನ್ನು ತಮ್ಮನ ಮಗನಿಗೇ ವಹಿಸಿಬಿಡುತ್ತೇನೆ, ಕಣ್ಣು ಕಾಣದವನು ಎದ್ದು ತಡವರಿಸುವುದು ಚೆನ್ನಾಗಿರುವುದಿಲ್ಲ ಅಂದ. ನಾನು ಪುಸ್ತಕ ಮುಚ್ಚಿ ಒಳಗೆ ಹೋದೆ. ಅವ್ವ ಏನಾಯಿತು ಅಂತ ಕೇಳಿದಳು, ಏನೂ ಇಲ್ಲ ಅಂದೆ. ಆದರೆ ಅದು ಕೈತಪ್ಪಿ ಹೋಗುತ್ತಿದೆ ಅನ್ನುವುದು ಎದೆಗೆ ನಾಟಿತ್ತು. ಒಂದು ಸಲ ಅವನು ಎದ್ದು ತೆಗೆದುಕೊಂಡರೆ ಮುಗಿಯಿತು, ಆಮೇಲೆ ಅವನ ಮಗ, ಅವನ ಮೊಮ್ಮಗ. ಗೌಡರ ಮನೆಯಲ್ಲಿ ಒಬ್ಬಳು ಮಗಳಿದ್ದಳು ಅಂತ ಹೇಳುವವರೂ ಇರುವುದಿಲ್ಲ.

ಮಾರನೇ ಸಂಜೆ ನಾನು ಸುಳ್ಳು ಓದಿದೆ. ಸ್ಕಾಟ್ಲೆಂಡಿನ ಕಡೆ ಒಂದು ಮನೆ, ಅಲ್ಲಿಯ ಬ್ಯಾರೊನೆಟ್‌ಗೆ ಗಂಡುಮಕ್ಕಳಿರಲಿಲ್ಲ, ಒಬ್ಬಳೇ ಮಗಳು, ರಾಜರು ಬಿರುದನ್ನು ಅವಳಿಗೇ ಖಾಯಂ ಮಾಡಿದರು ಅಂತ ಎದುರಿಗಿದ್ದ ಬೇರೆ ಯಾವುದೋ ಮನೆಯ ಪುಟವನ್ನು ನೋಡುತ್ತಾ ಹೇಳಿದೆ. ನನ್ನ ದನಿ ಎಂದಿಗಿಂತ ಚೆನ್ನಾಗಿ ಬಂತು. ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತ. ಅವಳ ಗಂಡ ಎಲ್ಲಿದ್ದ ಅಂತ ಕೇಳಿದ. ಅವನೇ ಇವರ ಮನೆಗೆ ಬಂದು ಇದ್ದ ಅಂದೆ. ಏನು ಕೆಲಸ ಅಂದ. ಹಡಗಿನ ಕ್ಯಾಪ್ಟನ್ ಅಂದೆ. ಊರಿನವರು ಒಪ್ಪಿದರಾ ಅಂತ ಕೇಳಿದ. ಮೊದಲು ಒಪ್ಪಲಿಲ್ಲ, ಆಮೇಲೆ ಒಪ್ಪಿದರು ಅಂದೆ.

ಅಪ್ಪ ಅದನ್ನೇ ಮತ್ತೆ ಮತ್ತೆ ಓದಿಸಿದ. ನಾಲ್ಕು ಸಂಜೆ ಬೇರೆ ಮನೆಗೆ ಹೋಗಲೇ ಇಲ್ಲ. ಪಟೇಲನಾಗಿದ್ದಾಗ ಸಾಕ್ಷಿಗಳನ್ನು ವಿಚಾರಿಸುತ್ತಿದ್ದ ಹಾಗೆ ಅವಸರವಿಲ್ಲದೆ ಕೇಳುತ್ತಿದ್ದ. ಮುದುಕನಾದ ಮೇಲೆ ಅವಳ ಅಪ್ಪನನ್ನು ಯಾರು ನೋಡಿಕೊಂಡರು ಅಂತ ಮೂರನೇ ದಿನ ಕೇಳಿದ. ಅವಳ ತಂಗಿ ಅಂತ ನನ್ನ ಬಾಯಿಂದ ಬಂದುಹೋಯಿತು. ಹೂಂ ಅಂದ. ನಾಲ್ಕನೇ ದಿನ ಗಂಡ ವಕೀಲನಾಗಿದ್ದ. ಅದಕ್ಕೂ ಹೂಂ ಅಂದ. ನಾನು ಸಿಕ್ಕಿಬೀಳಲಿಲ್ಲ ಅಂತ ಸಂತೋಷಪಟ್ಟೆ.

ದೊರೆಗಳ ನಾಡಿನಲ್ಲಿ ಹೆಣ್ಣುಮಕ್ಕಳಿಗೂ ಇಳಿಯುವ ಬಿರುದುಗಳು ಬೆರಳೆಣಿಕೆಯಷ್ಟು ನಿಜಕ್ಕೂ ಇದ್ದವು, ಅದರಲ್ಲೂ ಸ್ಕಾಟ್ಲೆಂಡಿನಲ್ಲೇ ಇದ್ದವು ಅಂತ ನನಗೆ ಎಷ್ಟೋ ವರ್ಷಗಳ ಮೇಲೆ ಬೆಂಗಳೂರಿನ ಲೈಬ್ರರಿಯಲ್ಲಿ ತಿಳಿಯಿತು. ನಮ್ಮ ಪುಸ್ತಕದಲ್ಲಿ ಅಂಥ ಮನೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಆಗ ನಾನು ಹೇಳಿದ್ದು ನನ್ನ ಮಟ್ಟಿಗೆ ಅಪ್ಪಟ ಸುಳ್ಳು.

ಮದುವೆಯ ದಿನ ಅಪ್ಪ, ಅವ್ವ, ನಾನು ಗಾಡಿಯಲ್ಲಿ ಹೋದೆವು. ಅಪ್ಪನಿಗೆ ಕೈ ಹಿಡಿಯುವವರು ಬೇಕಾದ್ದರಿಂದ ನಾನು ಗಂಡಸರ ಸಾಲಿನಲ್ಲಿ ಅವನ ಪಕ್ಕ ಕೂತೆ. ಯಾರೂ ಏನೂ ಅನ್ನಲಿಲ್ಲ. ಊರುಗೋಲು ಎಲ್ಲಿ ಕೂತರೂ ಯಾರೂ ಕೇಳುವುದಿಲ್ಲ. ಅಪ್ಪನ ಇನ್ನೊಂದು ಪಕ್ಕದಲ್ಲಿ ಚಿಕ್ಕಪ್ಪನ ಮಗ ಹೊಸ ಪಂಚೆ ಉಟ್ಟು, ಹೊಸ ಟವೆಲು ಹೊದ್ದು ಕೂತಿದ್ದ. ಚಿಕ್ಕಪ್ಪ ಅವನ ಹಿಂದೆ ಕೂತು ಪಂಚೆಯ ಅಂಚನ್ನು ಎರಡು ಸಲ ಸರಿಮಾಡಿದ. ಗಂಡಿನ ಕಡೆಯವರು ಮಾಗಡಿಯವರು. ಬೆಳಗಿನ ಜಾವ ಬಸ್ಸು ಮಾಡಿಕೊಂಡು ಹೊರಟವರು, ಹೊಟ್ಟೆಗೆ ಕಾಫಿ ಬಿಟ್ಟು ಬೇರೇನೂ ಹೋಗಿರಲಿಲ್ಲ. ಚಪ್ಪರದ ಹಿಂದಿನಿಂದ ಸಾರಿನ ವಾಸನೆ ಬರುತ್ತಿತ್ತು.

ತಾಳಿಯಾಯಿತು. ವೀಳ್ಯ ಕರೆಯುವ ಯಜಮಾನರು ತಟ್ಟೆ ಹಿಡಿದು ಎದ್ದರು. ಗುರುಮನೆ ವೀಳ್ಯ ಕರೆದು ಎತ್ತಿಟ್ಟರು. ಅರಮನೆ ವೀಳ್ಯ ಕರೆದು ಎತ್ತಿಟ್ಟರು. ಗೌಡರ ಮನೆ ವೀಳ್ಯ ಅಂದರು. ಚಿಕ್ಕಪ್ಪನ ಮಗ ಅರ್ಧ ಎದ್ದಿದ್ದ. ಅಪ್ಪ ಕೈಯಿಂದ ತಡವಿ ಅವನ ತೊಡೆಯನ್ನು ಒತ್ತಿ ಕೂರಿಸಿದ.

"ನನ್ ಮಗಳು ತಕ್ಕತಾಳೆ" ಅಂದ.

ಯಜಮಾನರು ತಟ್ಟೆ ಹಿಡಿದುಕೊಂಡೇ ನಿಂತರು. ಅವರಿಗೆ ಎಪ್ಪತ್ತರ ಮೇಲಾಗಿತ್ತು, ಇಂಥದ್ದು ಅವರ ಕಾಲದಲ್ಲಿ ಬಂದಿರಲಿಲ್ಲ. ಹೆಣ್ಣುಮಗಳು ವೀಳ್ಯ ತಗೊಳ್ಳೋದು ಎಲ್ಲಾದರೂ ಉಂಟಾ ಗೌಡ್ರೇ ಅಂತ ಮೆತ್ತಗೆ ಕೇಳಿದರು. ಇಂಗ್ಲೆಂಡಿನಲ್ಲಿ ಉಂಟು ಅಂತ ಅಪ್ಪ ಹೇಳಿದ. ದೊರೆಗಳ ಮನೆಗಳಲ್ಲೇ ಉಂಟು, ಪುಸ್ತಕದಲ್ಲಿ ಬರೆದಿದ್ದಾರೆ, ಆ ಪುಸ್ತಕ ನಮ್ಮನೆಯಲ್ಲಿದೆ ಅಂದ. ಚಿಕ್ಕಪ್ಪ ಹಿಂದಿನಿಂದ, ಯಾವ ಪುಟ ಅಂತ ಕೇಳಿದ. ಅಪ್ಪ ತಡೆಯದೆ, ಮುನ್ನೂರ ಹನ್ನೆರಡು ಅಂದ.

ನಾನು ಅಪ್ಪನಿಗೆ ಯಾವತ್ತೂ ಪುಟದ ನಂಬರು ಹೇಳಿರಲಿಲ್ಲ.

ಸೈಕಲ್ಲಿನಲ್ಲಿ ಯಾರನ್ನಾದರೂ ಕಳಿಸಿ ಪುಸ್ತಕ ತರಿಸಿ ಅಂತ ಚಿಕ್ಕಪ್ಪ ಅಂದ. ಹೋಗಿ ಬರಲು ಮುಕ್ಕಾಲು ಗಂಟೆ, ಓದಿ ಅರ್ಥ ಹೇಳುವವರು ಸಿಗಬೇಕು ಅಂತ ಯಾರೋ ಲೆಕ್ಕ ಹಾಕಿದರು. ಅಷ್ಟರಲ್ಲಿ ಅಡುಗೆಯವರು ಚಪ್ಪರದ ಮೂಲೆಗೆ ಬಂದು ನಿಂತು, ಮುದ್ದೆ ಆರಿಹೋದರೆ ನಮ್ಮನ್ನು ಕೇಳಬೇಡಿ ಅಂದರು. ಮಾಗಡಿಯ ಬೀಗರು ತಮ್ಮತಮ್ಮಲ್ಲೇ ಗುಸುಗುಸು ಮಾತಾಡಿಕೊಂಡರು. ಅವರ ಕಡೆಯ ಹಿರಿಯರೊಬ್ಬರು ಎದ್ದು, ನಮಗೆ ಈ ಏಳು ಹಳ್ಳಿಯ ಕಟ್ಟಳೆ ಗೊತ್ತಿಲ್ಲ, ಇಂಗ್ಲೆಂಡಿನದೂ ಗೊತ್ತಿಲ್ಲ, ಪುಸ್ತಕದಲ್ಲಿದೆ ಅಂತ ಗೌಡರೇ ಹೇಳುತ್ತಿರುವಾಗ ಇಷ್ಟು ಜನ ಹಸಿದು ಕೂರುವುದು ಯಾತಕ್ಕೆ ಅಂತ ಕೈಮುಗಿದು ಕೇಳಿದರು. ಇಡೀ ಚಪ್ಪರ ಹೌದು ಹೌದು ಅಂತು. ನನಗೆ ನನ್ನ ಹಕ್ಕು ಸಿಕ್ಕಿದ್ದರಲ್ಲಿ ಮುದ್ದೆಯ ಪಾಲು ದೊಡ್ಡದು. ಇದನ್ನು ನಾನು ಯಾವತ್ತೂ ಮರೆಮಾಚಿಲ್ಲ.

ಎದ್ದೆ. ಎರಡೂ ಕೈ ಚಾ‍ಚಿ ವೀಳ್ಯ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ಮಾತಾಡದೆ ಕೂತೆ. ಚಿಕ್ಕಪ್ಪನ ಮಗ ನನ್ನ ಕಡೆ ಬಗ್ಗಿ, ಸೆರಗು ಎಡಗೈಗೆ ತಗೋಬೇಕಿತ್ತು ಕಣಕ್ಕ ಅಂತ ಪಿಸುಗುಟ್ಟಿದ. ಅವನೂ ಚೆನ್ನಾಗಿಯೇ ಕಲಿತಿದ್ದ ಅಂತ ಅವತ್ತು ಗೊತ್ತಾಯಿತು.

ಊಟವಾದ ಮೇಲೆ ಚಿಕ್ಕಪ್ಪ ನಮ್ಮ ಗಾಡಿಯ ಹತ್ತಿರ ಬಂದು, ನಾಳೆ ಪೋಸ್ಟ್‌ಮಾಸ್ಟರನ್ನು ಕರೆದುಕೊಂಡು ಬರುತ್ತೇನೆ, ಅವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ಆ ಪುಟ ಒಂದು ಸಲ ನೋಡಿಬಿಡೋಣ ಅಂದ. ಜಗಳದ ದನಿಯಲ್ಲಿ ಹೇಳಲಿಲ್ಲ. ಬಾರಪ್ಪ ಅಂತ ಅಪ್ಪ ಹೇಳಿದ.

ಗಾಡಿ ಊರು ದಾಟುವ ತನಕ ತಡೆದುಕೊಂಡಿದ್ದೆ. ಆಮೇಲೆ ಆಗಲಿಲ್ಲ. ಅಂಥ ಮನೆ ಆ ಪುಸ್ತಕದಲ್ಲಿ ಎಲ್ಲೂ ಇಲ್ಲ, ನಾನೇ ಕಟ್ಟಿ ಹೇಳಿದ್ದು ಅಂತ ಒಪ್ಪಿಕೊಂಡೆ. ಅವ್ವ ಆ ಕಡೆ ತಿರುಗಿ ಹೊಲ ನೋಡುತ್ತಾ ಕೂತಳು.

"ಗೊತ್ತು ಕಣವ್ವ" ಅಂದ ಅಪ್ಪ. "ಕಣ್ಣು ಹೋಗೋಕ್ ಮುಂಚೆ ಎರಡು ಸಲ ಓದಿವ್ನಿ. ನೀನು ಮೊದಲ್ನೇ ದಿವ್ಸ ಸುರು ಮಾಡ್ದಾಗ್ಲೇ ಗೊತ್ತಾಯ್ತು. ಒಬ್ಬಳೇ ಮಗಳು ಅಂದೋಳಿಗೆ ಮೂರನೇ ದಿವ್ಸ ತಂಗಿ ಹುಟ್ಟುಸ್ದೆ."

ಮತ್ತೆ ಯಾಕೆ ಸುಮ್ಮನಿದ್ದೆ ಅಂತ ಕೇಳಿದೆ. ನೀನು ಎಷ್ಟು ದಿನ ಹೇಳ್ತೀಯ ಅಂತ ನೋಡುತ್ತಿದ್ದೆ ಅಂದ. ಬಾಯಿ ಬಿಟ್ಟು ಕೇಳದವಳು ಇಷ್ಟು ಕಷ್ಟಪಟ್ಟು ಸುಳ್ಳು ಹೇಳುತ್ತಿದ್ದಾಳೆ ಅಂದರೆ ಅವಳಿಗೆ ಅದು ಬೇಕೇ ಬೇಕು ಅಂತಾಯಿತು, ನನಗೇ ಅದು ಇಷ್ಟು ವರ್ಷ ಹೊಳೆದಿರಲಿಲ್ಲ ಅಂದ. ನಾಳೆ ಪೋಸ್ಟ್‌ಮಾಸ್ಟರ್ ಬಂದರೆ ಏನು ಮಾಡುವುದು ಅಂತ ಕೇಳಿದ್ದಕ್ಕೆ, ಬರಲಿ ಬಿಡು ಅಂದ.

ಮಾರನೇ ದಿನ ಭಾನುವಾರ. ಹತ್ತು ಗಂಟೆಗೆ ಇಬ್ಬರೂ ಬಂದರು. ಪೋಸ್ಟ್‌ಮಾಸ್ಟರ್ ಕನ್ನಡಕ ಒರೆಸಿಕೊಂಡು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡರು. ಮುನ್ನೂರ ಹತ್ತನೇ ಪುಟ ಸಿಕ್ಕಿತು. ಅದರ ಪಕ್ಕದ್ದು ಮುನ್ನೂರ ಹದಿಮೂರು. ಅವರು ಮತ್ತೆ ಹಿಂದಕ್ಕೆ ತಿರುಗಿಸಿದರು, ಮುಂದಕ್ಕೆ ತಿರುಗಿಸಿದರು. ಒಂದು ಹಾಳೆ ಇಲ್ಲವಲ್ಲ ಅಂದರು.

ಚಿಕ್ಕಪ್ಪ ಪುಸ್ತಕವನ್ನು ಈಸಿಕೊಂಡ. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಹೊಲಿಗೆಯ ಹತ್ತಿರ ಒಂದು ಬೆರಳಗಲ ಉಳಿದಿದ್ದ ಚೂರನ್ನು ಹೆಬ್ಬೆರಳಿನಿಂದ ಸವರಿದ. ಪುಸ್ತಕದ ಉಳಿದ ಅಂಚುಗಳೆಲ್ಲ ಹಳದಿ, ಹರಿದ ಜಾಗ ಮಾತ್ರ ಬೆಳ್ಳಗಿತ್ತು. ಚಿಕ್ಕಪ್ಪ ಅದನ್ನು ನೋಡಿದ, ಕುರ್ಚಿಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ ಅಪ್ಪನನ್ನು ನೋಡಿದ.

"ಆ ಪುಟದಾಗೆ ಇತ್ತು ಅಂತ ನೀನು ಹೇಳ್ತೀಯಾ ಅಣ್ಣ?"

"ಇತ್ತು."

"ನೀನೇ ಹೇಳ್ತೀಯಾ?"

"ನಾನೇ ಹೇಳ್ತೀನಿ."

ಚಿಕ್ಕಪ್ಪ ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟ. ಹಂಗಾದ್ರೆ ಇತ್ತು ಬುಡಿ ಅಂತ ಪೋಸ್ಟ್‌ಮಾಸ್ಟರಿಗೆ ಹೇಳಿ, ಅವ್ವ ತಂದ ಕಾಫಿಯನ್ನೂ ಮುಟ್ಟದೆ ಎದ್ದ. ಅಣ್ಣ ಮೊದಲ ಸಲ ಸುಳ್ಳು ಹೇಳಿದ ಅನ್ನುವುದು ಅವನಿಗೆ ಗೊತ್ತಾಗಿತ್ತು. ತಮ್ಮನಿಗೆ ಗೊತ್ತಾಗಿದೆ ಅನ್ನುವುದು ಅಪ್ಪನಿಗೂ ಗೊತ್ತಾಗಿತ್ತು. ಚಿಕ್ಕಪ್ಪ ಆ ವಿಷಯವನ್ನು ಮತ್ತೆ ಯಾವತ್ತೂ ಎತ್ತಲಿಲ್ಲ. ಆದರೆ ಅಣ್ಣ ಹೇಳಿದರೆ ಅದು ಹಂಗೇ ಇರ್ತದೆ ಅನ್ನುವ ಮಾತನ್ನೂ ಅವನ ಬಾಯಲ್ಲಿ ನಾನು ಮತ್ತೆ ಕೇಳಲಿಲ್ಲ. ನನ್ನ ಆಸೆಗೆ ಅಪ್ಪ ಬೆಲೆಯಾಗಿ ಕೊಟ್ಟಿದ್ದು ಆ ಮಾತನ್ನು.

ಅವರು ಹೋದ ಮೇಲೆ, ಆ ಹಾಳೆ ಏನಾಯಿತು ಅನ್ನುವುದನ್ನು ಅವ್ವ ಹೇಳಿದಳು. ಮದುವೆಗೆ ಹೊರಡುವ ಬೆಳಿಗ್ಗೆ ಅಪ್ಪ ಅವಳನ್ನು ಕರೆದು, ಪುಸ್ತಕದ ಮಧ್ಯಕ್ಕೆ ಎಲ್ಲಾದರೂ ತೆಗೆದು ಮೂಲೆಯಲ್ಲಿರುವ ನಂಬರು ಓದು ಅಂದನಂತೆ. ಅವಳಿಗೆ ಕ್ಯಾಲೆಂಡರಿನಿಂದ ನಂಬರು ಓದುವಷ್ಟು ಗೊತ್ತಿತ್ತು. ಅವಳು ಓದಿದಳು. ಅಪ್ಪ ಆ ಹಾಳೆಯನ್ನು ತಡವಿಕೊಂಡು ಹರಿದು, ಬಚ್ಚಲಿನ ತನಕ ಗೋಡೆ ಹಿಡಿದುಕೊಂಡು ಹೋಗಿ, ತನ್ನ ಕೈಯಾರೆ ಹಂಡೆಯ ಒಲೆಗೆ ಹಾಕಿದ. ಆ ಬಿಸಿನೀರಿನಲ್ಲೇ ನಾನು ಸ್ನಾನ ಮಾಡಿ ಮದುವೆಗೆ ಹೋಗಿದ್ದೆ.

ಸಂಜೆ ಅಪ್ಪ ಎಂದಿನಂತೆ ಓದು ಅಂದ. ಯಾವ ಮನೆ ಅಂತ ಕೇಳಿದೆ.

"ನಾನು ಸುಟ್ಟಾಕಿದ್ನಲ್ಲ, ಅದು ಯಾರ್ ಮನೇದು ನೋಡವ್ವ."

ಮುನ್ನೂರ ಹತ್ತನೇ ಪುಟದ ಕೊನೆಯಲ್ಲಿ ಒಂದು ಮನೆ ಶುರುವಾಗಿತ್ತು. ಯಾವುದೋ ಯುದ್ಧದಲ್ಲಿ ಗೆದ್ದ ಸೇನಾಧಿಕಾರಿ, ಅವನಿಗೆ ರಾಜ ಬಿರುದು ಕೊಟ್ಟ. ಅವನ ಮದುವೆಯಾಯಿತು. ಮೊದಲ ಮಗ ಹುಟ್ಟಿದ. ಅಷ್ಟಕ್ಕೆ ಪುಟ ಮುಗಿಯಿತು. ಮುನ್ನೂರ ಹದಿಮೂರರಲ್ಲಿ ಬೇರೆ ಮನೆಯವರು ಅರ್ಧದಿಂದ ನಡೆದುಬರುತ್ತಿದ್ದರು. ಇದ್ದಷ್ಟನ್ನು, ಇದ್ದ ಹಾಗೆಯೇ ಓದಿದೆ.

ಅಪ್ಪ ಕೈ ಚಾಚಿ ಹಾಳೆ ಹರಿದ ಜಾಗವನ್ನು ಬೆರಳಿನಿಂದ ತಡವಿದ. ಬೇರೆಯವರ ಮನೆ ನಿಂತುಹೋದರೆ ಎರಡೆರಡು ದಿನ ಮರುಗುತ್ತಿದ್ದವನು.

"ಆ ಹುಡ್ಗನ ಮುಂದ್ಲೋರೆಲ್ಲ ಹೋದ್ರು ಅನ್ನು" ಅಂದ. ಆಮೇಲೆ, "ಹೋಗ್ಲಿ. ನನ್ ಮಗಳು ಐತಲ್ಲ" ಅಂದ.

ಮುಂದಿನ ಮನೆ ಓದು ಅಂತ ಕಾಯುತ್ತಾ ಕೂತ. ನನಗೆ ಅಕ್ಷರ ಒಂದೂ ಕಾಣುತ್ತಿರಲಿಲ್ಲ.